ಕಡಲಲ್ಲಿ ಒಂದು ರೂಪಾಯಿ, ಮೈಸೂರಲ್ಲಿ ಎರಡೂ ಮುಕ್ಕಾಲು: ಉಪ್ಪುನೀರಿನ ಮೀನು ದುಬಾರಿಯಾದದ್ದೇಕೆ?

ಮೈಸೂರಿನ ಅಕ್ವೇರಿಯಂ ಅಂಗಡಿಯಲ್ಲಿ ಗಪ್ಪಿ, ಮೋಲಿ, ಗೋಲ್ಡ್‌ಫಿಶ್‌ಗಳ ಬೆಲೆ ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಒಳಗಡೆ ನೀಲಿ ಲೈಟಿನ ಕೆಳಗಿರುವ ಬ್ಲೂ ಟ್ಯಾಂಗ್ ಎಂಬ ನೀಲಿ ಕಡಲ ಮೀನಿನ ಬೆಲೆ ಕೇಳಿದವರು ಮಾತ್ರ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಬಾಯಿಗೆ ಬಂದ ರೇಟು ಹೇಳುತ್ತಾರೆ ಎಂದು ಅಂಗಡಿಯವರನ್ನು ದೂರುವುದು ಸುಲಭ. ಅವರ ಲಾಭ ಅದರಲ್ಲಿ ಇದ್ದೇ ಇದೆ. ಆದರೆ ಬೆಲೆ ಏರಿದ್ದರ ಬೇರು ಇರುವುದು ಮೀನು ಸಿಗುವ ಜಾಗದಲ್ಲಿ, ಅದು ಬರುವ ಡಬ್ಬಿಯಲ್ಲಿ, ದಾರಿಯಲ್ಲಿ ಸಾಯುವ ಮೀನುಗಳಲ್ಲಿ.

ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಸಾಕಣೆಯವು. ಚೆನ್ನೈನ ಕೊಳತ್ತೂರು, ಕೋಲ್ಕತ್ತಾದ ಸುತ್ತಮುತ್ತ ತೊಟ್ಟಿ, ಕೊಳಗಳಲ್ಲಿ ಮರಿ ಮಾಡಿ ಬಸ್ಸು, ರೈಲಿಗೆ ಹಾಕಿ ಕಳಿಸುತ್ತಾರೆ. ಕಡಲ ಮೀನಿನ ಕಥೆ ಉಲ್ಟಾ. ಟ್ಯಾಂಕಿಗೆ ಬರುವ ಕಡಲ ಜಾತಿಗಳಲ್ಲಿ ಬಹುಪಾಲು ಇವತ್ತಿಗೂ ಹವಳದ ದಿಬ್ಬಗಳಲ್ಲಿ ಒಂದೊಂದಾಗಿ ಬಲೆ ಹಾಕಿ ಹಿಡಿದವು. ಮುಖ್ಯವಾಗಿ ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಕಡೆಯವು. ಬೇಡಿಕೆ ಹೆಚ್ಚಾಯಿತೆಂದು ಇನ್ನೆರಡು ತೊಟ್ಟಿ ಕಟ್ಟಿಸಿ ಉತ್ಪಾದನೆ ಹೆಚ್ಚಿಸುವ ದಾರಿ ಅಲ್ಲಿಲ್ಲ.

ಮೂಗಿಗಿಂತ ಮೂಗುತಿ ಭಾರ

ಮೀನಿನ ಪ್ಯಾಕಿಂಗ್ ಹೀಗಿರುತ್ತದೆ: ಎರಡು ಪದರದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ಇಂಥ ಚೀಲಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿ ಜೋಡಿಸುತ್ತಾರೆ. ವಿಮಾನದವರು ನಿಜವಾದ ತೂಕ, ಗಾತ್ರದ ತೂಕ ಎರಡನ್ನೂ ನೋಡಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಾರೆ. ಗಾತ್ರದ ತೂಕ ಎಂದರೆ ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಬರುವ ಕಿಲೋ. 60×40×40ರ ಡಬ್ಬಿಗೆ ಅದು 16 ಕಿಲೋ.

ಈ 16 ಕಿಲೋದಲ್ಲಿ ನಿಯಾನ್ ಟೆಟ್ರಾದಂಥ ಸಣ್ಣ ಸಿಹಿನೀರಿನ ಮೀನು ನಾನೂರು ಹಿಡಿಸುತ್ತದೆ ಎಂದುಕೊಳ್ಳಿ. ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ ಕಡಲ ಮೀನು ಕ್ಲೌನ್ ಅನ್ನು ಹಾಗೆ ಗುಂಪಾಗಿ ತುರುಕಲು ಬರುವುದಿಲ್ಲ. ಒಂದಕ್ಕೊಂದು ಕಚ್ಚಾಡುತ್ತವೆ, ಒಂದು ಸತ್ತರೆ ಅದರ ಅಮೋನಿಯಾ ಉಳಿದವನ್ನೂ ಕೊಲ್ಲುತ್ತದೆ. ತಲಾ ಅರ್ಧ ಲೀಟರ್ ನೀರು ಕೊಟ್ಟು ಬೇರೆ ಬೇರೆ ಚೀಲ ಮಾಡಿದರೆ ಮೂವತ್ತು. ಟ್ಯಾಂಗ್ ಆದರೆ ಒಂದಕ್ಕೆ ಎರಡು ಲೀಟರಿಗೆ ಕಡಿಮೆಯಿಲ್ಲ. ಆರು ಹಿಡಿಸಿದರೆ ಹೆಚ್ಚು. ಲೆಕ್ಕ ಅರ್ಥವಾಗಲೆಂದು ಸಾಗಣೆ ಕಿಲೋಗೆ 300 ರೂಪಾಯಿ ಎಂದು ಇಟ್ಟುಕೊಂಡರೆ ಡಬ್ಬಿಗೆ 4,800. ಟೆಟ್ರಾಗೆ ತಲಾ 12 ರೂಪಾಯಿ, ಕ್ಲೌನ್‌ಗೆ 160, ಟ್ಯಾಂಗ್‌ಗೆ 800. ಸಾಗಣೆ ದರ ಅರ್ಧದಷ್ಟು ಹೆಚ್ಚಿದರೆ ಟೆಟ್ರಾಗೆ ಬೀಳುವ ಹೆಚ್ಚುವರಿ ಭಾರ 6 ರೂಪಾಯಿ, ಟ್ಯಾಂಗ್‌ಗೆ 400. 2020ರಲ್ಲಿ ಕೋವಿಡ್‌ನಿಂದ ಪ್ರಯಾಣಿಕರ ವಿಮಾನಗಳು ನಿಂತು, ಅವುಗಳ ಹೊಟ್ಟೆಯಲ್ಲಿ ಬರುತ್ತಿದ್ದ ಸರಕಿಗೆ ಜಾಗವೇ ಇಲ್ಲದೆ ಸಾಗಣೆ ದರ ಏರಿದಾಗ ಸಿಹಿನೀರಿನವರಿಗೆ ಅಷ್ಟಾಗಿ ತಟ್ಟದೆ, ಉಪ್ಪುನೀರಿನವರಿಗೆ ಜೋರಾಗಿ ತಟ್ಟಿದ್ದು ಇದಕ್ಕೇ. ನಾವು ದುಡ್ಡು ಕೊಡುವುದು ಮೀನಿಗಿಂತ ಹೆಚ್ಚಾಗಿ ಅದರ ಸುತ್ತಲಿನ ನೀರಿಗೆ, ಗಾಳಿಗೆ.

ಸತ್ತ ಮೀನಿನ ಬಿಲ್ಲು ಬದುಕಿದ್ದರ ಮೇಲೆ

ಅದೇ ಟ್ಯಾಂಗ್ ಲೆಕ್ಕ ಮುಂದುವರಿಸೋಣ. ರಫ್ತುದಾರನ ಬೆಲೆ 1,500, ಸಾಗಣೆ 800, ಒಟ್ಟು 2,300. ಆರು ಹೊರಟವು. ಒಂದು ಡಬ್ಬಿ ಬಿಚ್ಚುವಾಗಲೇ ಸತ್ತಿತ್ತು, ಇನ್ನೊಂದು ಆಮದುದಾರನ ತೊಟ್ಟಿಯಲ್ಲಿ ಮೂರನೇ ದಿನ ಹೋಯಿತು. ಆರರ ಖರ್ಚು 13,800 ರೂಪಾಯಿಯನ್ನು ಈಗ ನಾಲ್ಕು ಹೊರಬೇಕು: ತಲಾ 3,450. ಯಾರೂ ಇನ್ನೂ ಒಂದು ಪೈಸೆ ಲಾಭ ಮಾಡಿಲ್ಲ, ಆಮದು ಪರವಾನಗಿ, ಸುಂಕ, ಕ್ವಾರಂಟೈನ್ ಖರ್ಚುಗಳನ್ನೂ ಸೇರಿಸಿಲ್ಲ. ಆಮದುದಾರ ಶೇಕಡಾ 30 ಇಟ್ಟುಕೊಂಡರೆ 4,485. ಮೀನು ಬೆಂಗಳೂರಿನಿಂದ ಮೈಸೂರಿಗೆ ಬಂದು, ಇಲ್ಲಿನ ಅಂಗಡಿಯಲ್ಲಿ ಹತ್ತರಲ್ಲೊಂದು ಸತ್ತು, ಅಂಗಡಿಯವರೂ ಶೇಕಡಾ 30 ಇಟ್ಟುಕೊಂಡರೆ ಸುಮಾರು 6,480.

ಇಲ್ಲಿ ಗಮನಿಸಬೇಕಾದದ್ದು 6,480 ಎಂಬ ಸಂಖ್ಯೆಯನ್ನಲ್ಲ. ಅದು ನಾವು ಇಟ್ಟುಕೊಂಡ ಅಂದಾಜು. ಈ ಸರಪಳಿಯಲ್ಲಿ ಖರ್ಚುಗಳು ಕೂಡುವುದಿಲ್ಲ, ಗುಣಿಸುತ್ತವೆ. ಸಾಗಣೆಯಲ್ಲಿ 400 ರೂಪಾಯಿ ಏರಿದರೆ ಮೈಸೂರಿನ ಗಲ್ಲಾಪೆಟ್ಟಿಗೆಯ ಹತ್ತಿರ ಅದು 1,127 ಆಗಿರುತ್ತದೆ. ಅಂದರೆ ಕಡಲ ತೀರದಲ್ಲಿ ಏರಿದ ಒಂದು ರೂಪಾಯಿ ಇಲ್ಲಿಗೆ ಬರುವಷ್ಟರಲ್ಲಿ ಎರಡೂ ಮುಕ್ಕಾಲು ದಾಟುತ್ತದೆ. ಇದರಲ್ಲಿ ಸಾವಿನ ಪಾಲು ಹೆಚ್ಚುಕಡಿಮೆ ಲಾಭದ ಪಾಲಿನಷ್ಟೇ ಇದೆ: ಒಂದೂ ಸಾಯದಿದ್ದರೆ, ಲಾಭ ಅಷ್ಟೇ ಇಟ್ಟುಕೊಂಡರೂ, ಆ ರೂಪಾಯಿ 1.69ಕ್ಕೆ ನಿಲ್ಲುತ್ತಿತ್ತು.

ಡಾಲರಿನ ಲೆಕ್ಕವೂ ಇದೇ ಗುಣಾಕಾರದಲ್ಲಿ ಸಿಕ್ಕಿಕೊಳ್ಳುತ್ತದೆ. 2014ರಲ್ಲಿ ಡಾಲರ್ 60 ರೂಪಾಯಿಯ ಆಸುಪಾಸಿನಲ್ಲಿತ್ತು, 2022ರಲ್ಲಿ 80 ದಾಟಿತು. ರಫ್ತುದಾರ 20 ಡಾಲರ್ ಬೆಲೆಯನ್ನು ಒಂದು ಸೆಂಟೂ ಏರಿಸದಿದ್ದರೂ ನಮಗೆ ಅದು 1,200ರಿಂದ 1,600 ಆಯಿತು. ಆ 400 ಸಹ ಇಲ್ಲಿ 1,127 ಆಗಿಯೇ ಕಾಣಿಸಿಕೊಳ್ಳುತ್ತದೆ.

ಬಾಗಿಲು ಮುಚ್ಚಿದ ಕಡಲುಗಳು

ಮೀನು ಹಿಡಿಯುವ ಜಾಗಗಳೂ ಒಂದೊಂದಾಗಿ ಬಿಗಿಯಾಗಿವೆ. ಹೆಚ್ಚು ಸದ್ದು ಮಾಡಿದ್ದು ಹವಾಯಿ. ಹಳದಿ ಟ್ಯಾಂಗ್ ಜಗತ್ತಿಗೆಲ್ಲ ಮುಖ್ಯವಾಗಿ ಅಲ್ಲಿಂದಲೇ ಬರುತ್ತಿತ್ತು. ಪರಿಸರ ಪರಿಣಾಮದ ಅಧ್ಯಯನ ಇಲ್ಲದೆ ಅಕ್ವೇರಿಯಂಗಾಗಿ ಮೀನು ಹಿಡಿಯುವ ಪರವಾನಗಿ ಕೊಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2021ರ ಜನವರಿಯಲ್ಲಿ ಪಶ್ಚಿಮ ಹವಾಯಿಯ ಉಳಿದ ಬಾಗಿಲೂ ಮುಚ್ಚಿತು. ಅಮೆರಿಕದಲ್ಲೇ 50 ಡಾಲರ್ ಆಸುಪಾಸಿಗೆ ಸಿಗುತ್ತಿದ್ದ ಮೀನು ನೂರಾರು ಡಾಲರಿಗೆ ಹೋಯಿತು. ಹವಾಯಿಯ ಮೀನು ನಮ್ಮೂರಿಗೆ ಬರುತ್ತಿದ್ದುದೇ ಅಪರೂಪ, ನಮಗೇನು ಎನ್ನಬಹುದು. ಹಳದಿ ಟ್ಯಾಂಗ್ ಸಿಗದ ಶ್ರೀಮಂತ ಗಿರಾಕಿಗಳು ಬೇರೆ ಟ್ಯಾಂಗ್‌ಗಳ ಕಡೆ ತಿರುಗುತ್ತಾರೆ, ಆಗ ಆ ಮೀನುಗಳ ಬೆಲೆಯೂ ಏರುತ್ತದೆ. ಹಿಂದೂ ಮಹಾಸಾಗರದ ಮೀನಿಗೂ ಇದು ತಪ್ಪಿದ್ದಲ್ಲ.

ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ ಶುರುವಾದ ಸೈನೈಡ್ ಚಾಳಿಯೂ ಇದೆ. ಹವಳದ ಸಂದಿಗೆ ಸೋಡಿಯಂ ಸೈನೈಡ್ ನೀರು ಚಿಮ್ಮಿಸಿ, ಮಂಪರು ಬಂದ ಮೀನನ್ನು ಕೈಯಲ್ಲಿ ಹಿಡಿಯುವುದು. ಕಾನೂನಿನಲ್ಲಿ ನಿಷಿದ್ಧ, ಪೂರ್ತಿ ನಿಂತಿಲ್ಲ. ಹೀಗೆ ಹಿಡಿದ ಮೀನು ಅಂಗಡಿಯಲ್ಲಿ ಬಣ್ಣಬಣ್ಣವಾಗಿ ಓಡಾಡಿಕೊಂಡಿದ್ದು, ಮನೆಗೆ ಬಂದ ಮೇಲೆ ಯಾವ ರೋಗದ ಗುರುತೂ ಇಲ್ಲದೆ ಸೊರಗಿ ಸಾಯಬಹುದು. ಬಲೆಯಲ್ಲಿ ಹಿಡಿದ ಮೀನಿಗೆ ಹೆಚ್ಚು ಬೆಲೆ ಎಂದರೆ ಆ ಹೆಚ್ಚು ಬೆಲೆ ನ್ಯಾಯವಾದದ್ದೇ.

ಕ್ಲೌನ್ ಮಾತ್ರ ಯಾಕೆ ಕೈಗೆಟುಕುತ್ತದೆ?

ಮರಿ ಮಾಡಿಸುವುದು ಸುಲಭವಾದ್ದರಿಂದ. ಕ್ಲೌನ್ ಜೋಡಿ ಕಲ್ಲಿಗೋ ಹೆಂಚಿಗೋ ಮೊಟ್ಟೆ ಅಂಟಿಸುತ್ತದೆ, ಗಂಡು ಕಾವಲು ಕಾಯುತ್ತದೆ, ಏಳರಿಂದ ಹತ್ತು ದಿನದಲ್ಲಿ ಕತ್ತಲಾದ ಮೇಲೆ ಮೊಟ್ಟೆ ಒಡೆಯುತ್ತವೆ. ಮರಿಗೆ ಮೊದಲ ದಿನದಿಂದಲೇ ರೋಟಿಫರ್ ಎಂಬ ಸೂಕ್ಷ್ಮ ಜೀವಿಯನ್ನು ತಿನ್ನುವಷ್ಟು ದೊಡ್ಡ ಬಾಯಿ. ಆಮೇಲೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿ. ಎರಡು ವಾರದ ಹೊತ್ತಿಗೆ ಬಿಳಿ ಪಟ್ಟಿ ಮೂಡುತ್ತದೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ವಿಧಾನವನ್ನು ನಮ್ಮ ದೇಶದಲ್ಲೇ ಪಳಗಿಸಿದೆ. ಹೀಗೆ ಇಲ್ಲೇ ಹುಟ್ಟಿದ ಮರಿಗೆ ಡಾಲರ್ ಇಲ್ಲ, ವಿಮಾನದ ಎರಡು ರಾತ್ರಿ ಇಲ್ಲ, ಒಣ ಆಹಾರ ತಿನ್ನುವ ಅಭ್ಯಾಸ ಇದೆ.

ಟ್ಯಾಂಗ್ ಹಾಗಲ್ಲ. ಮೊಟ್ಟೆಯನ್ನು ತೆರೆದ ನೀರಿನಲ್ಲಿ ಚೆಲ್ಲಿ ಹೋಗುತ್ತದೆ. ಮರಿಯ ಬಾಯಿಗೆ ರೋಟಿಫರ್ ಕೂಡ ದೊಡ್ಡದು. ಕೋಪಿಪಾಡ್ ಎಂಬ ಸೂಕ್ಷ್ಮ ಜೀವಿಯ ಮರಿಗಳನ್ನೇ ಬೆಳೆಸಿ ಕೊಡಬೇಕು, ಅದೂ ವಾರಗಟ್ಟಲೆ. ಹಳದಿ ಟ್ಯಾಂಗ್ ಮರಿ ಮಾಡಿಸುವಲ್ಲಿ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ ಗೆದ್ದದ್ದು 2015ರಲ್ಲಿ. ಬ್ಲೂ ಟ್ಯಾಂಗ್‌ನಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಗೆದ್ದದ್ದು 2016ರಲ್ಲಿ. ಗೆದ್ದರೂ ಉತ್ಪಾದನಾ ವೆಚ್ಚ ಕ್ಲೌನ್‌ನಷ್ಟು ಇಳಿಯುವಂಥದ್ದಲ್ಲ. ಟ್ಯಾಂಗ್ ಬೆಲೆ ಮತ್ತೆ ಹಳೆಯ ಮಟ್ಟಕ್ಕೆ ಬರುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಸರಪಳಿಯ ಕೊನೆಯ ಕೊಂಡಿ ನಿಮ್ಮ ಟ್ಯಾಂಕು

ಆಮದುದಾರನಿಗೆ ಅನ್ವಯಿಸಿದ ಲೆಕ್ಕ ನಿಮಗೂ ಅನ್ವಯಿಸುತ್ತದೆ. 6,480ರ ಎರಡು ಮೀನು ತಂದು ಒಂದು ಸತ್ತರೆ ಉಳಿದದ್ದರ ಬೆಲೆ 12,960. ಮೇಲಿನ ಕೊಂಡಿಗಳ ಮೇಲೆ ನಮ್ಮ ಹಿಡಿತವಿಲ್ಲ, ಇದರ ಮೇಲಿದೆ.

ಮೊದಲು ಅಂಗಡಿಯಲ್ಲಿ. ಮೀನು ಬಂದು ಎಷ್ಟು ದಿನವಾಯಿತು ಎಂದು ಕೇಳಿ. ಹತ್ತು ದಿನ ಕಳೆದಿರದಿದ್ದರೆ ಅಡ್ವಾನ್ಸ್ ಕೊಟ್ಟು ಅಲ್ಲೇ ಬಿಟ್ಟು ಬನ್ನಿ. ಎದುರಿಗೇ ಆಹಾರ ಹಾಕಿಸಿ ನೋಡಿ. ತಲೆಯ ಹಿಂದೆ, ಬೆನ್ನಿನ ಮೇಲ್ಭಾಗದಲ್ಲಿ ಮಾಂಸ ಕುಸಿದಿದ್ದರೆ, ಹೊಟ್ಟೆ ಒಳಕ್ಕೆ ಸೇದಿಕೊಂಡಿದ್ದರೆ, ಕಿವಿರು ಏದುಸಿರು ಬಿಡುವಂತೆ ಬಡಿಯುತ್ತಿದ್ದರೆ ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ತೊಟ್ಟಿಯ ಉಪ್ಪಿನ ಸಾಂದ್ರತೆ (ಸಪ್ಪೆ ನೀರನ್ನು 1 ಎಂದು ಇಟ್ಟುಕೊಂಡ ಅಳತೆ) ಎಷ್ಟೆಂದು ಕೇಳಲು ಮರೆಯಬಾರದು. ಉಪ್ಪಿನ ಖರ್ಚು ಉಳಿಸಲು, ಪರಾವಲಂಬಿಗಳನ್ನು ಹತ್ತಿಕ್ಕಲು ಹಲವರು 1.018ರಿಂದ 1.021ರಲ್ಲಿ ಇಟ್ಟಿರುತ್ತಾರೆ. ನಿಮ್ಮ ಟ್ಯಾಂಕು 1.025ರಲ್ಲಿದ್ದು, ಮೀನನ್ನು ನೇರ ಅದಕ್ಕೆ ಬಿಟ್ಟರೆ ಅದರ ದೇಹದ ನೀರೆಲ್ಲ ಹೊರಕ್ಕೆ ಎಳೆದಂತಾಗಿ ಎರಡು ಮೂರು ದಿನದಲ್ಲಿ ಸಾಯಬಹುದು. ಜನ ಅದನ್ನು ರೋಗ ಎನ್ನುತ್ತಾರೆ.

ಹಾಗಾಗಿ ಹೊಸ ಮೀನನ್ನು ಮೊದಲು ಬೇರೆಯಾಗಿ ಇಡಲು ಕ್ವಾರಂಟೈನ್ ತೊಟ್ಟಿ ಬೇಕು. 60 ಲೀಟರಿನ ಬರಿ ಗಾಜಿನ ಟ್ಯಾಂಕು, ಮರಳು ಬೇಡ, ಕಲ್ಲು ಬೇಡ. ಅಡಗಲು ಪಿವಿಸಿ ಪೈಪಿನ ತುಂಡುಗಳು, ಏರ್ ಪಂಪು, ಹೀಟರ್, ಸ್ಪಂಜ್ ಫಿಲ್ಟರ್. ಈ ಸ್ಪಂಜನ್ನು ನಾಲ್ಕು ವಾರ ಮೊದಲೇ ದೊಡ್ಡ ಟ್ಯಾಂಕಿನ ಸಂಪ್‌ನಲ್ಲಿ (ನೀರು ಸೋಸಲು ಅದರ ಕೆಳಗಿಡುವ ಜೋಡಿ ತೊಟ್ಟಿ) ಹಾಕಿಟ್ಟಿರಬೇಕು. ಹೊಸ ಸ್ಪಂಜಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ, ಮೀನು ತಾನೇ ಹೊರಬಿಟ್ಟ ವಿಷದಲ್ಲಿ ಬೇಯುತ್ತದೆ. 1.025ರ ಸಾಂದ್ರತೆಗೆ ಲೀಟರಿಗೆ ಸುಮಾರು 37 ಗ್ರಾಂ ಮರೈನ್ ಸಾಲ್ಟ್ ಎಂದರೆ 60 ಲೀಟರಿಗೆ 2.2 ಕಿಲೋ; ಸಾಂದ್ರತೆ ಕಡಿಮೆಯಾದರೆ ಉಪ್ಪೂ ಕಡಿಮೆ. ಅಡುಗೆ ಉಪ್ಪು ನಡೆಯುವುದಿಲ್ಲ, ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಇಲ್ಲ. ನೀರನ್ನು ಅಂಗಡಿಯ ಸಾಂದ್ರತೆಗೇ ಕಲಸಿ, ಮೀನು ಬಿಟ್ಟು, ಆಮೇಲೆ ದಿನಕ್ಕೆ 0.001ರಷ್ಟು ಏರಿಸುತ್ತ ಹೋಗಿ. ಅಳೆಯಲು ರಿಫ್ರ್ಯಾಕ್ಟೋಮೀಟರ್, ಅದನ್ನು ಬರಿ ನೀರಿನಲ್ಲಿ ಸೊನ್ನೆಗೆ ಕೂರಿಸಿ ಸುಮ್ಮನಾಗದೆ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣದಲ್ಲೂ ಪರೀಕ್ಷಿಸಬೇಕು.

ಚೀಲ ಬಿಚ್ಚುವಾಗ ದೊಡ್ಡ ತಪ್ಪೊಂದು ನಡೆಯುತ್ತದೆ. ಕೊರಿಯರ್‌ನಲ್ಲಿ ಇಪ್ಪತ್ತು ಮೂವತ್ತು ಗಂಟೆ ಕಳೆದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಪಿಎಚ್ ಇಳಿದಿರುವುದರಿಂದಲೇ ಅಲ್ಲಿನ ಅಮೋನಿಯಾ ಹೆಚ್ಚು ವಿಷವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದ್ದೇ ಗ್ಯಾಸ್ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ವಿಷವಾಗುತ್ತದೆ. ಹೊಂದಿಕೊಳ್ಳಲಿ ಎಂದು ಎರಡು ಗಂಟೆ ಹನಿಹನಿಯಾಗಿ ನೀರು ಬಿಡುತ್ತ ಕೂತವರು ಆ ಎರಡು ಗಂಟೆಯೂ ಮೀನಿಗೆ ವಿಷ ಕುಡಿಸುತ್ತಿರುತ್ತಾರೆ. ದೂರದಿಂದ ಬಂದ ಚೀಲವನ್ನು ಬಿಚ್ಚದೆ 20 ನಿಮಿಷ ತೇಲಿಬಿಟ್ಟು, ಬಿಚ್ಚಿದ ಕೂಡಲೇ ಸಾಂದ್ರತೆ ಅಳೆದು, ಅದಕ್ಕೆ ಹೊಂದಿಸಿಟ್ಟ ನೀರಿಗೆ ಮೀನನ್ನು ಮಾತ್ರ ವರ್ಗಾಯಿಸಿ. ಚೀಲದ ನೀರು ಚರಂಡಿಗೆ. ಮೈಸೂರಿನದೇ ಅಂಗಡಿಯಿಂದ ಮಂಡ್ಯಕ್ಕೆ ಒಂದು ಗಂಟೆಯ ದಾರಿಯಾದರೆ ಈ ಆತುರ ಬೇಡ, ಅರ್ಧ ಮುಕ್ಕಾಲು ಗಂಟೆ ಹನಿ ಬಿಡಬಹುದು.

ಬಿಳಿ ಚುಕ್ಕೆ ರೋಗದ ಜೀವಿ ಮೀನಿನಿಂದ ಉದುರಿ, ತಳದಲ್ಲಿ ಗೂಡು ಕಟ್ಟಿ, ಒಡೆದು, ಮತ್ತೆ ಮೀನು ಹುಡುಕುತ್ತದೆ. ಅದು ಉದುರಿ ಮತ್ತೆ ಹತ್ತುವುದಕ್ಕೆ ಮೂರು ದಿನವಾದರೂ ಬೇಕಾಗುವುದರಿಂದ, 72 ಗಂಟೆಗೊಮ್ಮೆ ಮೀನನ್ನು ಹೊಸ ನೀರಿನ ಇನ್ನೊಂದು ಟಬ್ಬಿಗೆ ಬದಲಾಯಿಸಿದರೆ, ನಾಲ್ಕು ಸಲ, ರೋಗ ಹಿಂದೆಯೇ ಉಳಿಯುತ್ತದೆ. ಎರಡು ಪ್ಲಾಸ್ಟಿಕ್ ಟಬ್ಬು ಸಾಕು. ಒಂದು ಬಳಸುವಾಗ ಇನ್ನೊಂದು ತೊಳೆದು ಬಿಸಿಲಲ್ಲಿ ಒಣಗುತ್ತಿರಲಿ. ಹಳೆಯ ನೀರು, ಹಳೆಯ ಸ್ಪಂಜು, ಒದ್ದೆ ಬಲೆ ಜೊತೆಗೆ ಹೋದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಇನ್ನೊಂದು ಪರಾವಲಂಬಿಯಿಂದ ಬರುವ ವೆಲ್ವೆಟ್ ರೋಗಕ್ಕೆ ಮಾತ್ರ ಈ ಉಪಾಯ ನಂಬಬೇಡಿ, ತಾಮ್ರದ ಔಷಧಿ ಬೇಕು. ತಾಮ್ರವನ್ನು ಕಲ್ಲು, ಸಿಗಡಿ, ಬಸವನಹುಳು ಇರುವ ಟ್ಯಾಂಕಿಗೆ ಯಾವತ್ತೂ ಹಾಕಬಾರದು. ರೋಗ ದೊಡ್ಡ ಟ್ಯಾಂಕಿಗೆ ಹೊಕ್ಕಿದ್ದೇ ಆದರೆ ಎಲ್ಲ ಮೀನನ್ನೂ ಹೊರತೆಗೆದು 76 ದಿನ ಖಾಲಿ ಬಿಡುವುದು ಅನುಭವಸ್ಥರ ರೂಢಿ. ಇಷ್ಟು ತಲೆನೋವು ತಪ್ಪಿಸಲು ಹೊಸ ಮೀನನ್ನು ನಾಲ್ಕು ವಾರ ಕ್ವಾರಂಟೈನ್‌ನಲ್ಲಿ ಇಡುವುದು ಏನೇನೂ ಅಲ್ಲ.

ಕಾವೇರಿ ನೀರು, ಕರೆಂಟು ಬಿಲ್ಲು

ಕಾವೇರಿ ನಲ್ಲಿ ನೀರಿನಲ್ಲಿ ಕ್ಲೋರಿನ್ ಇದೆ. ಮಂಡ್ಯದ ಸುತ್ತಿನ ಬೋರ್ ನೀರಿಗೆ ಗಡಸುತನದ ಜೊತೆ ಕಬ್ಬು, ಭತ್ತದ ಗದ್ದೆಯ ಗೊಬ್ಬರದ ನೈಟ್ರೇಟೂ ಇಳಿದಿರಬಹುದು. ಕುಡಿಯುವ ನೀರಿನ ಆರ್‌ಓ ಇದ್ದರೆ ಸಾಕೆಂದು ಬಹಳ ಜನ ಅಂದುಕೊಳ್ಳುತ್ತಾರೆ. ರುಚಿಗಾಗಿ ಅದರಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಕಂಟ್ರೋಲರ್ ಎಂಬ ಸಣ್ಣ ತಿರುಪು ಇದ್ದು, ಹಸಿ ನೀರನ್ನು ಸ್ವಲ್ಪ ವಾಪಸ್ ಬೆರೆಸುತ್ತದೆ. ಟ್ಯಾಂಕಿಗೆ ನೀರು ಹಿಡಿಯುವಾಗ ಅದನ್ನು ಪೂರ್ತಿ ಮುಚ್ಚಿ, ಮೆಂಬ್ರೇನ್ ನಂತರ ಉಳಿದ ಲವಣ ಹೀರುವ ಒಂದು ಡಿಐ ರೆಸಿನ್ ಡಬ್ಬಿ ಕೂಡಿಸಿ ಟಿಡಿಎಸ್ ಸೊನ್ನೆಗೆ ತನ್ನಿ. ಆವಿಯಾದ ನೀರಿಗೆ ಬದಲು ಹಾಕುವುದೂ ಈ ಸಪ್ಪೆ ನೀರನ್ನೇ. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಉಪ್ಪುನೀರು ತುಂಬುತ್ತ ಹೋದರೆ ತಿಂಗಳೊಳಗೆ ಸಾಂದ್ರತೆ ಕೈಮೀರುತ್ತದೆ.

ಕರೆಂಟಿನದು ಇನ್ನೊಂದು ಗುಪ್ತ ಬೆಲೆ. 200 ಲೀಟರಿನ ಟ್ಯಾಂಕಿಗೆ ಪಂಪು, ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್, ನೀರು ಕಲಕುವ ವೇವ್‌ಮೇಕರ್ ಸೇರಿ 75 ವ್ಯಾಟ್ ಇಡೀ ದಿನ ಓಡಿದರೆ 1.8 ಯೂನಿಟ್. 90 ವ್ಯಾಟ್ ಲೈಟು ಎಂಟು ಗಂಟೆಗೆ 0.7. ನೀರು ತಂಪು ಮಾಡುವ ಸಣ್ಣ ಚಿಲ್ಲರ್ ಬೇಸಿಗೆಯಲ್ಲಿ ಎಂಟು ಗಂಟೆ ಓಡಿದರೆ 1.4. ದಿನಕ್ಕೆ 3.9 ಎಂದರೆ ತಿಂಗಳಿಗೆ 117 ಯೂನಿಟ್. ಮನೆಯ ಬಳಕೆ 110 ಇದ್ದು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದವರು ಈಗ 227ಕ್ಕೆ ಹೋಗುತ್ತಾರೆ. 200 ದಾಟಿದರೆ ಹೆಚ್ಚುವರಿ 27ಕ್ಕೆ ಮಾತ್ರ ಬಿಲ್ ಬರುವುದಲ್ಲ, ಪೂರ್ತಿ 227ಕ್ಕೂ ಕಟ್ಟಬೇಕು. ಹಾಗಾಗಿ ಚಿಲ್ಲರ್ ಕೊಳ್ಳುವ ಮೊದಲು ನೀರಿನ ಮೇಲ್ಮೈಗೆ ಬೀಸುವಂತೆ ಎರಡು ಸಣ್ಣ ಕಂಪ್ಯೂಟರ್ ಫ್ಯಾನ್ ಕೂರಿಸಿ ನೋಡಿ. ಮೈಸೂರಿನ ಒಣ ಬೇಸಿಗೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಬಹುಪಾಲು ಮನೆಗಳಿಗೆ 27 ಡಿಗ್ರಿ ಕಾಯಲು ಅಷ್ಟು ಸಾಕು. ಮಳೆಗಾಲದ ತೇವದ ಗಾಳಿಯಲ್ಲಿ ಫ್ಯಾನಿನ ಆಟ ನಡೆಯುವುದಿಲ್ಲ, ಆಗ ಅದರ ಅಗತ್ಯವೂ ಕಡಿಮೆ. ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು.

ಸೆಸ್ಕ್ ಕರೆಂಟು ತೆಗೆದಾಗ ಮೀನು ಸಾಯುವುದು ಆಮ್ಲಜನಕ ಇಲ್ಲದೆ, ಕತ್ತಲಿಂದಲ್ಲ. ಮನೆಯ ಯುಪಿಎಸ್‌ಗೆ ವೇವ್‌ಮೇಕರ್, ಏರ್ ಪಂಪು ಮಾತ್ರ ಕೊಡಿ. ಬೇರೆ ಭಾರ ಇಲ್ಲದಿದ್ದರೆ 150 ಎಎಚ್ ಬ್ಯಾಟರಿ ಅವನ್ನು ಇಡೀ ದಿನ ಎಳೆಯುತ್ತದೆ. ಹೀಟರ್ ಸಿಕ್ಕಿಸಿದರೆ ಕೆಲವೇ ಗಂಟೆ.

ಕೊಳ್ಳುವುದೇನು? ಮೊದಲ ವರ್ಷ ಸಾಕಣೆಯ ಕ್ಲೌನ್ ಎರಡು. ಎರಡೂ ಸಣ್ಣವೇ ಇರಲಿ. ಕ್ಲೌನ್ ಎಲ್ಲ ಗಂಡಾಗಿಯೇ ಶುರುವಾಗಿ, ದೊಡ್ಡದು ಹೆಣ್ಣಾಗುತ್ತದೆ, ಜೋಡಿ ತಾನಾಗಿ ಆಗುತ್ತದೆ. ‘ಜೋಡಿ’ ಎಂದು ಹೆಚ್ಚು ಬೆಲೆ ಕೊಡಬೇಕಿಲ್ಲ. ಜೊತೆಗೆ ಸಣ್ಣ ಕಡಲ ಮೀನುಗಳಾದ ಒಂದು ಗೋಬಿ, ಒಂದು ಫೈರ್‌ಫಿಶ್. ಬ್ಲೂ ಟ್ಯಾಂಗ್ ಅಂಗೈಗಿಂತ ದೊಡ್ಡದಾಗಿ ಬೆಳೆಯುವ ಮೀನು, 200 ಲೀಟರ್ ಅದಕ್ಕೆ ಸೆರೆಮನೆ. ಮ್ಯಾಂಡರಿನ್ ಎಂಬ ಮೀನು ಚಂದ, ಆದರೆ ಜೀವಂತ ಕೋಪಿಪಾಡ್ ಬಿಟ್ಟು ಬೇರೆ ಮುಟ್ಟದೆ ಹಸಿವಿನಿಂದ ಸಾಯುವುದೇ ಹೆಚ್ಚು. ಗಟ್ಟಿ ಹವಳ, ಕಡಲ ಕುದುರೆಗಳನ್ನು ಯಾರಾದರೂ ಗುಟ್ಟಾಗಿ ತೋರಿಸಿದರೆ ಬೆಲೆಯನ್ನೂ ಕೇಳಬೇಡಿ: 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಟ್ಯಾಂಕಿನೊಳಗಿನ ದಿಬ್ಬಕ್ಕೆ ಸುಟ್ಟ ಜೇಡಿಯ ಕಲ್ಲು ತಂದು ಜೋಡಿಸಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವ ತನಕ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಮೀನಿಲ್ಲದೆ ಪಂಪು ಓಡಿಸಿ. ಅಷ್ಟು ಹೊತ್ತಿಗೆ ಸಂಪ್‌ನಲ್ಲಿ ಹಾಕಿಟ್ಟ ಸ್ಪಂಜೂ ಕ್ವಾರಂಟೈನ್‌ಗೆ ತಯಾರಾಗಿರುತ್ತದೆ.